ಆಕಾಶದಿಂದ ಇಂಟರ್ನೆಟ್ ಅಂತೆ: ಸಿಲ್ವರ್ ಓಕ್ ನಡುವಿನ ತೋಟದ ಮನೆಗೆ ಬರುತ್ತಾ?

ಕಣಿವೆ ತೋಟ, ಕೊಟ್ಟಿಗೆಹಾರ ಕಡೆ (ಪ್ರಶ್ನೆ)

ಇದು 2025ರ ಡಿಸೆಂಬರ್, ಟಿವಿ ಹಾಕಿದರೆ ಒಂದೇ ಮಾತು: ಇನ್ನು ಟವರ್ ಬೇಡ, ಕೇಬಲ್ ಬೇಡ, ಆಕಾಶದಿಂದ ನೇರ ಇಂಟರ್ನೆಟ್. ಸ್ಟಾರ್‌ಲಿಂಕ್ ಅನ್ನೋ ಉಪಗ್ರಹ ಇಂಟರ್ನೆಟ್‌ಗೆ ತಿಂಗಳಿಗೆ 8,600 ರೂಪಾಯಿ, ಉಪಕರಣಕ್ಕೆ 34,000 ಅಂತ ಒಂದು ದಿನ ಬಂತು. ಆಮೇಲೆ ಅದು ನಿಜವಾದ ದರ ಅಲ್ಲ ಅಂತ ಬಂತು. 24ನೇ ತಾರೀಕು ಶ್ರೀಹರಿಕೋಟಾದಿಂದ ಬ್ಲೂಬರ್ಡ್ ಉಪಗ್ರಹ ಹಾರಿದ್ದೇ ತಡ, ಚಾರ್ಮಾಡಿ ಘಾಟಿಯಲ್ಲೂ ಇನ್ನು ಫುಲ್ ಸಿಗ್ನಲ್ ಅನ್ನೋ ಫಾರ್ವರ್ಡ್ ಶುರುವಾಯ್ತು. ಇನ್ನೊಂದು ಫಾರ್ವರ್ಡ್‌ನಲ್ಲಿ, ಸ್ಟಾರ್‌ಲಿಂಕ್ ಕಂಟ್ರೋಲ್ ಆಗೋದೇ ಹಾಸನದಿಂದ, ಹಾಗಾಗಿ ಹಾಸನ–ಚಿಕ್ಕಮಗಳೂರಿಗೆ ಮೊದಲು ಸಿಗುತ್ತೆ ಅಂತ ಇದೆ.

ಜಾಗದ ವಿವರ ಇಷ್ಟು. ಇಳಿಜಾರಿನಲ್ಲಿ ಮನೆ. ಮುಂದೆ ಕಾಫಿ ಕಣ, 20 ಮೀಟರ್ ಅಗಲ, 30 ಮೀಟರ್ ಉದ್ದ, ಉದ್ದ ಇರೋದು ಉತ್ತರ–ದಕ್ಷಿಣಕ್ಕೆ. ಸುತ್ತಲೂ ಸುಮಾರು 20 ಮೀಟರ್ ಎತ್ತರದ ಸಿಲ್ವರ್ ಓಕ್, ಎಲ್ಲದಕ್ಕೂ ಮೆಣಸಿನ ಬಳ್ಳಿ. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮೇಲಿನ ದಿಣ್ಣೆಗೆ ಹೋದರೆ 4ಜಿ ಒಂದೆರಡು ಕಡ್ಡಿ. ಎರಡೂವರೆ ಕಿಲೋಮೀಟರ್ ಆಚೆ ಊರಲ್ಲಿ ಫೈಬರ್ ಇದೆ. ಡಿಟಿಎಚ್ ಡಿಶ್ ಮಾತ್ರ ಮರಗಳ ನಡುವೆಯೇ ಚೆನ್ನಾಗಿ ಬರುತ್ತೆ. ಡಿಶ್‌ಗೆ ಬರೋದಾದರೆ ಸ್ಟಾರ್‌ಲಿಂಕ್‌ಗೂ ಬರಬೇಕಲ್ವಾ? ಮಳೆ, ಸಿಡಿಲು, ಕರೆಂಟ್ ಇಲ್ಲದಾಗ ಹೇಗೆ? ಹಣ ಕೂಡಿಟ್ಟು ಕಾಯೋದು ಸರಿಯೋ, ಬೇರೆ ದಾರಿ ನೋಡೋದು ಸರಿಯೋ? ತಿಳಿದವರು ಲೆಕ್ಕ ಸಮೇತ ಹೇಳಿ.

ಸಾಲಗಾಮೆ ರಸ್ತೆ, ಹಾಸನ (ಉತ್ತರ)

ಮೊದಲು ಸುದ್ದಿಗಳನ್ನು ಬಿಡಿಸಿಕೊಳ್ಳೋಣ. ಟಿವಿಯವರು ಮೂರು ಬೇರೆ ಬೇರೆ ಸಾಮಾನನ್ನು ಒಂದೇ ಪಾತ್ರೆಗೆ ಹಾಕಿ ಕುದಿಸಿದ್ದಾರೆ. ಇದು ನಿಜಕ್ಕೂ ಸಿಟ್ಟು ಬರಿಸೋ ವಿಷಯ, ಯಾಕೆಂದರೆ ಜನ ಅದನ್ನು ನಂಬಿ ದುಡ್ಡು ಖರ್ಚು ಮಾಡ್ತಾರೆ.

ಹಾಸನದ ಫಾರ್ವರ್ಡ್ ಪೂರ್ತಿ ತಪ್ಪು. ಇಲ್ಲಿನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಅಂದರೆ ಎಂಸಿಎಫ್, ಇಸ್ರೋದ್ದು. 1982ರಲ್ಲಿ, ಇನ್ಸಾಟ್-1ಎ ಕಾಲದಲ್ಲಿ ಶುರುವಾದ ಕೇಂದ್ರ. ಅದರ ಕೆಲಸ ಭೂಸ್ಥಿರ ಕಕ್ಷೆಯ, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣೋ, ಉಪಗ್ರಹಗಳನ್ನು ನೋಡಿಕೊಳ್ಳೋದು: ಕಕ್ಷೆಗೆ ಏರಿಸೋದು, ಜಾಗ ತಪ್ಪದಂತೆ ಹಿಡಿದಿಡೋದು. 2005ರಿಂದ ಭೋಪಾಲ್‌ನಲ್ಲೂ ಇಂಥದ್ದೇ ಇನ್ನೊಂದು ಕೇಂದ್ರ ಇದೆ. ಕೆಳಕಕ್ಷೆಯ ಇಸ್ರೋ ಉಪಗ್ರಹಗಳನ್ನು ನೋಡಿಕೊಳ್ಳೋದು ಬೆಂಗಳೂರಿನ ಇಸ್‌ಟ್ರಾಕ್. ಸ್ಟಾರ್‌ಲಿಂಕ್ ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯದ್ದು, ಅದರ 9,000ಕ್ಕೂ ಹೆಚ್ಚು ಉಪಗ್ರಹಗಳ ನಿರ್ವಹಣೆಯೂ ಆ ಕಂಪನಿಯದ್ದೇ.

ಈ ಗಾಳಿಸುದ್ದಿಗೆ ಮೂಲ ಯಾವುದಿರಬಹುದು ಅಂದರೆ, 2024ರ ನವೆಂಬರ್ 19ರಂದು ಇಸ್ರೋದ ಜಿಸ್ಯಾಟ್-ಎನ್2 ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್‌ನಲ್ಲಿ ಅಮೆರಿಕದಿಂದ ಹೋಯ್ತು. 4,700 ಕಿಲೋ ತೂಕ. ಮೇಲೆ ಹೋದ ಕೂಡಲೇ ಅದರ ನಿಯಂತ್ರಣ ತೆಗೆದುಕೊಂಡಿದ್ದು ಹಾಸನದ ಎಂಸಿಎಫ್. ಸ್ಪೇಸ್‌ಎಕ್ಸ್ ಮತ್ತು ಹಾಸನ ಒಂದೇ ವಾಕ್ಯದಲ್ಲಿ ಬಂದಿದ್ದಕ್ಕೆ ಯಾರೋ ಸ್ಟಾರ್‌ಲಿಂಕ್ ಸೇರಿಸಿದ್ದಾರೆ. ಆ ಉಪಗ್ರಹವೂ ಇಂಟರ್ನೆಟ್‌ಗೇ ಮೀಸಲು, ಒಟ್ಟು ಸಾಮರ್ಥ್ಯ ಸೆಕೆಂಡಿಗೆ 48 ಗಿಗಾಬಿಟ್. ಆದರೆ ಅದು ಇರೋದು 35,786 ಕಿ.ಮೀ. ಎತ್ತರದಲ್ಲಿ. ಸಿಗ್ನಲ್ ಒಮ್ಮೆ ಹೋಗಿ ಕೆಳಗೆ ಬರೋಕೆ 0.24 ಸೆಕೆಂಡ್, ಉತ್ತರ ವಾಪಸ್ ಬರೋದು ಸೇರಿದರೆ 0.48. ಉಪಕರಣಗಳ ತಡ ಕೂಡಿಸಿದರೆ ಅರ್ಧ ಸೆಕೆಂಡ್ ದಾಟುತ್ತೆ. ಬ್ಯಾಂಕ್, ಎಟಿಎಂ, ಪಂಚಾಯಿತಿ ಕೆಲಸಕ್ಕೆ ಸಾಕು. ವಿಡಿಯೋ ಕಾಲ್‌ನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸೋ ಫಜೀತಿ. ಸ್ಟಾರ್‌ಲಿಂಕ್ ಸುಮಾರು 550 ಕಿ.ಮೀ.ನಲ್ಲಿ ಇರೋದರಿಂದ ಆ ತಡ ಇಲ್ಲ.

ಮೂರನೆಯದು ಬ್ಲೂಬರ್ಡ್. ಇಸ್ರೋದ ಎಲ್‌ವಿಎಂ3-ಎಂ6 ಹಾರಿಸಿದ್ದು, 6,100 ಕಿಲೋ, 223 ಚದರ ಮೀಟರ್ ಆಂಟೆನಾ. ನಮ್ಮ ರಾಕೆಟ್ ಭಾರತದ ನೆಲದಿಂದ ಎತ್ತಿದ ಅತಿ ಭಾರದ ಉಪಗ್ರಹ, ಹೆಮ್ಮೆ ಪಡೋ ಕೆಲಸವೇ. ಆದರೆ ಉಪಗ್ರಹ ಅಮೆರಿಕದ ಎಎಸ್‌ಟಿ ಸ್ಪೇಸ್‌ಮೊಬೈಲ್‌ದು, ಮಾಮೂಲಿ ಮೊಬೈಲ್‌ಗೆ ನೇರ ಸಿಗ್ನಲ್ ಕೊಡೋ ಉದ್ದೇಶದ್ದು. ಕೆಳಕಕ್ಷೆಯ ಒಂದು ಉಪಗ್ರಹ ಒಂದು ಊರಿನ ಮೇಲೆ ಇರೋದು ಕೆಲವೇ ನಿಮಿಷ. ಎಡೆಬಿಡದೆ ಸಿಗಬೇಕಾದರೆ ಡಜನ್‌ಗಟ್ಟಲೆ ಬೇಕು, ಇಲ್ಲಿನ ಮೊಬೈಲ್ ಕಂಪನಿಯ ಒಪ್ಪಂದ ಬೇಕು, ಸರ್ಕಾರದ ಅನುಮತಿ ಬೇಕು. ಎಲ್ಲ ಆದಮೇಲೂ ಅದು ಬಯಲಲ್ಲಿ ನಿಂತವರಿಗೆ. ಚಾರ್ಮಾಡಿಯ ದಟ್ಟ ಮರದ ಕೆಳಗೆ, ಬಸ್ಸಿನ ತಗಡಿನ ಒಳಗೆ ಫುಲ್ ಸಿಗ್ನಲ್ ಅನ್ನೋದು ಬರೀ ಕಲ್ಪನೆ.

ನೆರಳು ಮರ, ಆಲ್ದೂರು

ಡಿಶ್ ಬರುತ್ತೆ ಅಂದಮೇಲೆ ಸ್ಟಾರ್‌ಲಿಂಕ್‌ಗೂ ಬರುತ್ತೆ ಅನ್ನೋ ಮಾತು ಮಲೆನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಅಲ್ಲೇ ದುಡ್ಡು ಹಾಳಾಗೋದು, ಅದಕ್ಕೆ ಇದನ್ನು ಸ್ವಲ್ಪ ಉದ್ದವಾಗಿ ಬರೀತೀನಿ.

ಡಿಟಿಎಚ್ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತೆ. ಉದಾಹರಣೆಗೆ 83 ಡಿಗ್ರಿ ಪೂರ್ವದ ಉಪಗ್ರಹ ನಮ್ಮ ಕಡೆಯಿಂದ ನೋಡಿದರೆ ಆಗ್ನೇಯದ ಕಡೆ, ದಿಗಂತದಿಂದ ಸುಮಾರು 72–73 ಡಿಗ್ರಿ ಮೇಲೆ, ಅಂದರೆ ಹೆಚ್ಚುಕಮ್ಮಿ ನೆತ್ತಿಯ ಹತ್ತಿರ. ಮರಗಳ ನಡುವೆ ಆ ದಿಕ್ಕಿಗೆ ಒಂದು ಕಿಂಡಿ ಇದ್ದರೆ ಮುಗೀತು.

ಸ್ಟಾರ್‌ಲಿಂಕ್ ಉಪಗ್ರಹ ಸೆಕೆಂಡಿಗೆ ಸುಮಾರು ಏಳೂವರೆ ಕಿಲೋಮೀಟರ್ ಓಡುತ್ತೆ. ಒಂದು ಹೋದ ಹಾಗೆ ಇನ್ನೊಂದನ್ನು ಹಿಡೀಬೇಕು, ಈ ಬದಲಾವಣೆ 15 ಸೆಕೆಂಡಿಗೊಮ್ಮೆ ಲೆಕ್ಕ ಹಾಕಿ ನಡೆಯುತ್ತೆ. ಹಾಗಾಗಿ ಕಿಂಡಿ ಸಾಲದು, ತೆರೆದ ಆಕಾಶವೇ ಬೇಕು. ಬೇರೆ ದೇಶಗಳಲ್ಲಿ ಮಾರುತ್ತಿರೋ ಸ್ಟ್ಯಾಂಡರ್ಡ್ ಕಿಟ್‌ಗೂ ಮಿನಿ ಅನ್ನೋ ಸಣ್ಣ ಕಿಟ್‌ಗೂ ನೋಟದ ಅಗಲ 110 ಡಿಗ್ರಿ. ನೇರ ಮೇಲೆ ಮುಖ ಮಾಡಿಟ್ಟರೆ ದಿಗಂತದಿಂದ 35 ಡಿಗ್ರಿಗಿಂತ ಮೇಲೆ ಸುತ್ತಲೂ ಏನೂ ಅಡ್ಡ ಇರಬಾರದು.

ಇದರ ಜೊತೆ ನಮ್ಮ ಅಕ್ಷಾಂಶದ ತೊಂದರೆ ಒಂದಿದೆ, ಅದನ್ನು ಯಾವ ಚಾನೆಲ್ಲೂ ಹೇಳಲ್ಲ. ಕೆಳಕಕ್ಷೆಯ ಉಪಗ್ರಹಗಳು ಭೂಸ್ಥಿರ ಉಪಗ್ರಹಗಳ ಸಾಲಿಗೆ ಅಡ್ಡಿ ಮಾಡಬಾರದು ಅಂತ ಅಂತರರಾಷ್ಟ್ರೀಯ ನಿಯಮ. ಆ ಸಾಲು 13 ಡಿಗ್ರಿ ಉತ್ತರದಲ್ಲಿರೋ ನಮಗೆ ನೆತ್ತಿಯಿಂದ ಸುಮಾರು 15 ಡಿಗ್ರಿ ದಕ್ಷಿಣಕ್ಕೆ ಹಾದುಹೋಗುತ್ತೆ. ಆ ಪಟ್ಟಿಯ ಅಕ್ಕಪಕ್ಕ ಇರೋ ಉಪಗ್ರಹವನ್ನು ಡಿಶ್ ಬಳಸೋದಿಲ್ಲ. ಅಂದರೆ ನಮಗೆ ನೆತ್ತಿ ಮೇಲಿನ ಆಕಾಶಕ್ಕಿಂತ ಉತ್ತರದ ಕಡೆಯ ಆಕಾಶ ಮುಖ್ಯ. ಡಿಟಿಎಚ್‌ಗೆ ಸಾಕಾದ ಆ ಕಿಂಡಿ ಇಲ್ಲಿ ಏನೇನೂ ಪ್ರಯೋಜನಕ್ಕೆ ಬರಲ್ಲ.

ಈಗ ನಿಮ್ಮ ಕಣದ ಲೆಕ್ಕ. 20 ಮೀಟರ್ ಮರ 35 ಡಿಗ್ರಿಗಿಂತ ಕೆಳಗಿರಬೇಕಾದರೆ, ನೆಲದ ಮೇಲಿಟ್ಟ ಡಿಶ್ ಮರದಿಂದ 28.5 ಮೀಟರ್ ದೂರ ಇರಬೇಕು. 6 ಮೀಟರ್ ಕಂಬದ ಮೇಲಿಟ್ಟರೆ 20 ಮೀಟರ್ ದೂರ. ಕಣದ ಮಧ್ಯದಿಂದ ಪೂರ್ವ–ಪಶ್ಚಿಮದ ಮರಕ್ಕೆ ನಿಮ್ಮಲ್ಲಿ 10 ಮೀಟರ್ ಅಷ್ಟೇ. ಆ 10 ಮೀಟರ್‌ಗೆ ಸರಿಯಾಗಬೇಕಾದರೆ ಕಂಬ 13 ಮೀಟರ್ ಎತ್ತರ ಬೇಕು, ಅದಕ್ಕೆ ಮೂರು ದಿಕ್ಕಿಗೆ ಸ್ಟೇ ವೈರ್. ಸುಮ್ಮನೆ ಆಗೋ ಕೆಲಸ ಅಲ್ಲ.

ಕಡಿಮೆ ಕೆಟ್ಟ ಜಾಗ ಅಂದರೆ ಕಣದ ದಕ್ಷಿಣದ ಅಂಚು. ಅಲ್ಲಿಂದ ಉತ್ತರದ ಮರಗಳು 30 ಮೀಟರ್ ದೂರ, ಕೋನ 34 ಡಿಗ್ರಿ, ಪಾಸ್. ಪೂರ್ವ–ಪಶ್ಚಿಮ ಮಾತ್ರ 63 ಡಿಗ್ರಿವರೆಗೆ ಮುಚ್ಚಿರುತ್ತೆ. ಫಲಿತಾಂಶ ಏನಪ್ಪಾ ಅಂದರೆ ಯೂಟ್ಯೂಬ್ ಓಡುತ್ತೆ, ಮುಂದಿನ ಭಾಗ ಮೊದಲೇ ಇಳಿಸಿಕೊಂಡಿರುತ್ತಲ್ಲ. ವಾಟ್ಸಾಪ್ ಕಾಲ್, ಆನ್‌ಲೈನ್ ಕ್ಲಾಸ್, ಆಫೀಸಿನ ವಿಪಿಎನ್ ಕೆಲವು ನಿಮಿಷಕ್ಕೊಮ್ಮೆ ಕೆಲವು ಸೆಕೆಂಡ್ ಸತ್ತು ಏಳುತ್ತೆ. ಮನೆಯಿಂದ ಕೆಲಸ ಮಾಡೋರಿಗೆ ಅದೇ ನರಕ.

ಅಳೆಯೋಕೆ ಆ್ಯಪ್ ಬೇಕಿಲ್ಲ. ಮಕ್ಕಳ ಜಾಮಿಟ್ರಿ ಬಾಕ್ಸ್‌ನ ಕೋನಮಾಪಕ ತಗೊಂಡು ಅದರ ಮಧ್ಯಬಿಂದುವಿಗೆ ದಾರ ಕಟ್ಟಿ, ದಾರದ ತುದಿಗೆ ಸಣ್ಣ ಕಲ್ಲು. ಕೋನಮಾಪಕ ತಲೆಕೆಳಗೆ ಹಿಡಿದು ನೇರ ಅಂಚಿನ ಗುಂಟ ಮರದ ತುದಿ ನೋಡಿ. ದಾರ 90ರ ಮೇಲಿದ್ದರೆ ಮಟ್ಟ. 90ರಿಂದ ಎಷ್ಟು ಸರಿಯಿತೋ ಅಷ್ಟು ಕೋನ. 35 ದಾಟಿದರೆ ಆ ಮರ ಅಡ್ಡ. ಕಂಪಾಸ್ ಇಟ್ಟುಕೊಂಡು ಎಂಟು ದಿಕ್ಕಿಗೂ ಅಳೆದು ಬರೆದಿಡಿ. ಇಳಿಜಾರಿನ ಮನೆಗೆ ಹಿಂದಿನ ಗುಡ್ಡವೂ ಮರದಷ್ಟೇ ಅಡ್ಡ, ಅದನ್ನು ಬಿಡಬೇಡಿ.

ಮಳೆಯ ವಿಷಯ ಬೇಗ ಹೇಳಿಬಿಡ್ತೀನಿ. 11–12 ಗಿಗಾಹರ್ಟ್ಸ್ ತರಂಗಕ್ಕೆ ಜೋರು ಮಳೆ ಆಗಲ್ಲ, ಅದಕ್ಕೇ ಡಿಟಿಎಚ್ ಹೋಗೋದು, ಸ್ಟಾರ್‌ಲಿಂಕ್ ಬಳಸೋದೂ ಅದೇ ಪಟ್ಟಿ. ಜೋರಾಗಿ ಹೊಡೆದಾಗ ಕೆಲವು ನಿಮಿಷ ಹೋಗುತ್ತೆ, ಆಮೇಲೆ ಬರುತ್ತೆ. ಜುಲೈನಲ್ಲಿ ದಿನಗಟ್ಟಲೆ ಹಿಡಿಯೋ ಜಿಟಿಜಿಟಿ ಮಳೆಯಿಂದ ಅಷ್ಟು ತೊಂದರೆ ಇಲ್ಲ. ನೆನೆದ ಎಲೆಗಳಿಂದ ಇದೆ: ಬೇಸಿಗೆಯಲ್ಲಿ ತೆಳು ಕೊಂಬೆಯ ಮೂಲಕ ಒಂದಿಷ್ಟು ಬರುತ್ತಿದ್ದ ಸಿಗ್ನಲ್ ಮಳೆಗಾಲದಲ್ಲಿ ಪೂರ್ತಿ ಮುಚ್ಚುತ್ತೆ.

ಕಣಿವೆ ತೋಟ

ದಕ್ಷಿಣದ ಅಂಚಿನಿಂದ ಅಳೆದೆ. ಉತ್ತರ 33, ಪೂರ್ವ 61, ಪಶ್ಚಿಮ 66, ದಕ್ಷಿಣ ಪೂರ್ತಿ ಮುಚ್ಚಿದೆ. ನೀವು ಹೇಳಿದ ಹಾಗೇ ಇದೆ. ಮರ ಕಡಿಯೋ ಮಾತೇ ಇಲ್ಲ, ಮೆಣಸು ಇದೆ. ಕರೆಂಟಿನ ಲೆಕ್ಕ ಯಾರಾದರೂ ಹೇಳಿ.

ಅರ್ಥಿಂಗ್, ಬೇಲೂರು

ಸ್ಟ್ಯಾಂಡರ್ಡ್ ಕಿಟ್ 75ರಿಂದ 100 ವ್ಯಾಟ್ ಎಳೆಯುತ್ತೆ. 90 ಅಂತ ಹಿಡಿದರೂ ದಿನವಿಡೀ ಹಾಕಿದರೆ ತಿಂಗಳಿಗೆ 65 ಯೂನಿಟ್. ಮಿನಿ 25–40 ವ್ಯಾಟ್.

ಬ್ಯಾಕಪ್‌ಗೆ ಮನೆಯ ಸಾಮಾನ್ಯ 12 ವೋಲ್ಟ್ 150 ಆಂಪಿಯರ್-ಅವರ್ ಲೆಡ್ ಬ್ಯಾಟರಿ ತಗೊಳ್ಳಿ. ಕಾಗದದ ಮೇಲೆ 1,800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕಾದರೆ ಅರ್ಧ ಮಾತ್ರ ಬಳಸಬೇಕು, 900. ಇನ್ವರ್ಟರ್ ನಷ್ಟ ಕಳೆದರೆ 765. ಸ್ಟ್ಯಾಂಡರ್ಡ್ ಕಿಟ್ ಒಂದನ್ನೇ ಹಾಕಿದರೆ ಎಂಟೂವರೆ ಗಂಟೆ. ಮಿನಿಯನ್ನು ಇನ್ವರ್ಟರ್ ಬಿಟ್ಟು ನೇರ ಡಿಸಿಯಿಂದ ಓಡಿಸಬಹುದು, 12ರಿಂದ 48 ವೋಲ್ಟ್ ತಗೊಳ್ಳುತ್ತೆ. 30 ವ್ಯಾಟ್‌ಗೆ 30 ಗಂಟೆ. ಆದರೆ 12 ವೋಲ್ಟ್‌ನಲ್ಲಿ ಉದ್ದ ತೆಳು ವೈರ್ ಎಳೆದರೆ ವೋಲ್ಟೇಜ್ ಇಳಿದು ರೀಸ್ಟಾರ್ಟ್ ಆಗ್ತಾನೇ ಇರುತ್ತೆ. ಡಿಶ್ ದೂರ ಇದ್ದರೆ 24 ವೋಲ್ಟ್ ಮಾಡಿಕೊಳ್ಳಿ. ಮಳೆಗಾಲದಲ್ಲಿ ಲೈನ್ ಮೇಲೆ ಕೊಂಬೆ ಬಿದ್ದು ಎರಡು ದಿನ ಕತ್ತಲಾದರೆ ಸ್ಟ್ಯಾಂಡರ್ಡ್ ಕಿಟ್‌ಗೆ ಜನರೇಟರ್ ಬೇಕೇ ಬೇಕು.

ತೋಟದ ಲೈನಿನ ಕೊನೆಯಲ್ಲಿ ವೋಲ್ಟೇಜ್ 160ಕ್ಕೆ ಇಳಿಯುತ್ತೆ ಅಂತ ಸ್ಟೆಬಿಲೈಜರ್ ತರೋರು ಬಹಳ. ಈ ಅಡಾಪ್ಟರ್‌ಗಳು 100ರಿಂದ 240 ವೋಲ್ಟ್ ತಡೆಯುತ್ತವೆ, ಕಡಿಮೆ ವೋಲ್ಟೇಜ್ ಅವುಗಳನ್ನು ಸುಡಲ್ಲ. ಸುಡೋದು ಕರೆಂಟ್ ವಾಪಸ್ ಬಂದಾಗಿನ ಏಟು, ಮತ್ತೆ ಸಿಡಿಲು. ಆ ದುಡ್ಡನ್ನು ಮೀಟರ್ ಬೋರ್ಡಿನಲ್ಲಿ ಆ ಏಟು ತಡೆಯೋ ಟೈಪ್ 2 ಸರ್ಜ್ ಪ್ರೊಟೆಕ್ಟರ್‌ಗೆ ಹಾಕಿ, 40 ಕಿಲೋಆಂಪಿಯರ್‌ದು. ಅದರಿಂದ ಅರ್ಥ್ ಬಾರ್‌ಗೆ ಹೋಗೋ ವೈರ್ ಅರ್ಧ ಮೀಟರ್ ಒಳಗಿರಬೇಕು. ಮೂರು ಮೀಟರ್ ಸುರುಳಿ ಸುತ್ತಿ ಬಿಟ್ಟರೆ ಇಟ್ಟೂ ಇಡದ ಹಾಗೆ. ಪ್ರೊಟೆಕ್ಟರ್ ಮೇಲಿನ ಸಣ್ಣ ಕಿಟಕಿಯ ಬಣ್ಣ ಹಸಿರಿಂದ ಕೆಂಪಾದರೆ ಒಳಗಿನದು ಸತ್ತಿದೆ, ಬದಲಾಯಿಸಿ.

ಡಿಶ್ ಕಂಬಕ್ಕೆ ಬೇರೆ ಅರ್ಥ್ ಹೊಡೆದು ಮನೆ ಅರ್ಥ್‌ಗೆ ಸೇರಿಸದೆ ಬಿಡೋದು ಅತಿ ದೊಡ್ಡ ತಪ್ಪು. ಹತ್ತಿರದಲ್ಲಿ ಸಿಡಿಲು ಹೊಡೆದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತೆ, ಅದು ಹರಿಯೋಕೆ ಇರೋ ದಾರಿ ನಿಮ್ಮ ಡೇಟಾ ಕೇಬಲ್. ಎರಡನ್ನೂ 16 ಚದರ ಮಿ.ಮೀ. ತಾಮ್ರದಲ್ಲಿ ಜೋಡಿಸಿ. ಜಂಬಿಟ್ಟಿಗೆ ಮಣ್ಣಿನಲ್ಲಿ ಏಪ್ರಿಲ್–ಮೇ ಹೊತ್ತಿಗೆ ಅರ್ಥ್ ಪಿಟ್ ಒಣಗಿರುತ್ತೆ, ಗುಡುಗಿನ ಮಳೆ ಹೊಡೆಯೋದೂ ಆಗಲೇ. ಪಿಟ್‌ಗೆ ನೀರು ಬಿಡೋದು ಮರೀಬೇಡಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತರೆ ಸಾಲದು, ಡಿಶ್‌ನಿಂದ ಬರೋ ಕೇಬಲ್ಲನ್ನೂ ಕೀಳಬೇಕು.

ಇನ್ನು ಇಲಿ, ಕೋತಿ. ಕಿಟ್ ಜೊತೆ ಬರೋ ಕೇಬಲ್ 15 ಮೀಟರ್ ಮಾತ್ರ, ಅದನ್ನು ಕತ್ತರಿಸಿ ಜೋಡಿಸೋ ಹಾಗಿಲ್ಲ ಅಂತಲೇ ತಿಳಿಯಿರಿ. ಕಣದಿಂದ ಮನೆವರೆಗೆ ಎಚ್‌ಡಿಪಿಇ ಪೈಪ್ ಒಳಗೆ ಹಾಕಿ ಒಂದಡಿ ಆಳಕ್ಕೆ ಹೂಳಿ. ಈಗ ಕೊಯ್ಲಿನ ಕಾಲ, ಕಣದಲ್ಲಿ ಕುಂಟೆ ಎಳೀತಾರೆ, ಪಿಕಪ್ ತಿರುಗುತ್ತೆ. ನೆಲದ ಮೇಲೆ ಬಿಟ್ಟ ಕೇಬಲ್ ಒಂದು ವಾರ ಉಳಿಯಲ್ಲ.

ಮೂಡಿಗೆರೆ ಮಾತು

ದರದ ಮಾತು ನಾನು ಹೇಳ್ತೀನಿ ಮಾರಾಯ್ರೆ. 8,600 ಮತ್ತು 34,000 ಕಂಪನಿಯ ವೆಬ್‌ಸೈಟ್‌ನಲ್ಲಿ ಸ್ವಲ್ಪ ಹೊತ್ತು ಕಂಡ ಪರೀಕ್ಷಾ ಅಂಕಿ, ಅದು ಭಾರತದ ದರ ಅಲ್ಲ ಅಂತ ಕಂಪನಿಯೇ ಹೇಳಿದೆ. ಆದರೂ ಒಂದು ವೇಳೆ ಅದೇ ದರ ಆದರೆ ಅಂತ ಗುಣಿಸಿ ನೋಡಿ: ಮೊದಲ ವರ್ಷ 1,37,200 ರೂಪಾಯಿ. ಕಂಬ, ಅರ್ಥಿಂಗ್, ಬ್ಯಾಟರಿ ಬೇರೆ.

2025ರ ಡಿಸೆಂಬರ್ ಹೊತ್ತಿನ ಸ್ಥಿತಿ ಇಷ್ಟೇ. ಜೂನ್‌ನಲ್ಲಿ ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ತು, ಜುಲೈನಲ್ಲಿ ಬಾಹ್ಯಾಕಾಶ ಕ್ಷೇತ್ರಕ್ಕೆ ಅನುಮತಿ ಕೊಡೋ ಕೇಂದ್ರದ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿ ಸಿಕ್ತು. ಸ್ಪೆಕ್ಟ್ರಮ್, ಅಂದರೆ ರೇಡಿಯೋ ತರಂಗದ ಹಂಚಿಕೆ, ಭದ್ರತಾ ಪರೀಕ್ಷೆ ಬಾಕಿ. ಸ್ಪೆಕ್ಟ್ರಮ್‌ಗೆ ಆದಾಯದ ಶೇ. 4 ಶುಲ್ಕ, ನಗರದ ಚಂದಾದಾರರ ಮೇಲೆ ವರ್ಷಕ್ಕೆ 500 ಹೆಚ್ಚು ಅಂತ ದೂರಸಂಪರ್ಕ ನಿಯಂತ್ರಕ ಟ್ರಾಯ್ ಮೇ ತಿಂಗಳಲ್ಲಿ ಶಿಫಾರಸು ಮಾಡಿದೆ. ಆ 500 ಹಳ್ಳಿಗೆ ಬೇಡ ಅಂದಿದ್ದು ಒಳ್ಳೇ ಕೆಲಸ. ಇನ್ನೊಂದು ಅಂಕಿ ಎಲ್ಲರೂ ಓದಿ ಮರೆತರು: ದೇಶಕ್ಕೆಲ್ಲ ಸೇರಿ 20 ಲಕ್ಷ ಸಂಪರ್ಕ ಮಾತ್ರ ಸಾಧ್ಯ ಅಂತ ಕೇಂದ್ರದ ರಾಜ್ಯ ಸಚಿವರೇ ಹೇಳಿದ್ದಾರೆ. ಆರು ಲಕ್ಷಕ್ಕೂ ಮೀರಿದ ಹಳ್ಳಿಗಳಿರೋ ದೇಶದಲ್ಲಿ ಅದು ಹಳ್ಳಿಗೆ ಸರಾಸರಿ ಮೂರು. ಟವರ್ ಕಾಲ ಮುಗೀತು ಅಂತ ಕಿರುಚೋರಿಗೆ ಈ ಒಂದು ಭಾಗಾಕಾರ ಬರಲ್ವಾ? ಹಳ್ಳಿಯಲ್ಲಿ ಟವರ್ ಕೇಳೋರ ಬಾಯಿ ಮುಚ್ಚಿಸೋಕೆ ಇಂಥ ಹೆಡ್‌ಲೈನ್ ಬಳಕೆಯಾಗುತ್ತೆ, ನನ್ನ ಕೋಪ ಅದಕ್ಕೆ.

ಗಲ್ಫ್‌ನಿಂದ ಕಿಟ್ ತರಿಸ್ತೀನಿ ಅನ್ನೋರಿಗೆ: ಬೇಡ. ಅನುಮತಿಯಿಲ್ಲದ ರೇಡಿಯೋ ಉಪಕರಣ ಇಟ್ಟುಕೊಳ್ಳೋದು ಅಪರಾಧ. ಸೇವೆ ತೆರೆಯದ ದೇಶದಲ್ಲಿ ಕಂಪನಿಯೇ ಡಿಶ್ಶಿಗೆ ಕೆಲಸ ಮಾಡೋಕೆ ಬಿಡಲ್ಲ. ಅಂಗಡಿ, ಆನ್‌ಲೈನಲ್ಲಿ ಸಿಗೋ ಮೊಬೈಲ್ ಬೂಸ್ಟರ್‌ಗೂ ಇದೇ ಮಾತು. ಒಬ್ಬರ ಮನೆಯ ಬೂಸ್ಟರ್ ಕಿರಿಕಿರಿಗೆ ಇಡೀ ಊರಿನ ಟವರ್ ಕಾಲ್ ಕಟ್ ಆಗೋದಿದೆ.

ಬೆಟ್ಟದ ಲಿಂಕ್, ಸಕಲೇಶಪುರ

ಕಣಿವೆ ತೋಟದವರೇ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಎರಡೂವರೆ ಕಿ.ಮೀ. ಆಚೆ ಫೈಬರ್, ಮನೆ ಮೇಲೆ ದಿಣ್ಣೆ. ಆಕಾಶ ನೋಡೋ ಮೊದಲು ಊರಿನ ಕಡೆ ನೋಡಿ.

ಊರಲ್ಲಿ ನಿಮ್ಮದೇ ಹೆಸರಿಗೆ ಫೈಬರ್ ಸಂಪರ್ಕ ತಗೊಂಡು, ಅಲ್ಲಿಂದ ದಿಣ್ಣೆಗೆ 5 ಗಿಗಾಹರ್ಟ್ಸ್ ವೈಫೈ ಲಿಂಕ್ ಹಾಕಿ. ಈ ತರಂಗಕ್ಕೆ 2018ರಿಂದ ಲೈಸೆನ್ಸ್ ಬೇಕಿಲ್ಲ. 23 ಡಿಬಿಐ (ಆಂಟೆನಾ ಶಕ್ತಿಯ ಅಳತೆ) ಡಿಶ್ ಇರೋ ಹೊರಾಂಗಣ ಉಪಕರಣ ಜೋಡಿಗೆ 10,000 ರೂಪಾಯಿ ಆಸುಪಾಸು. ಒಂದೊಂದು 6–8 ವ್ಯಾಟ್ ಅಷ್ಟೇ ಎಳೆಯೋದು. ಮಳೆಗೆ ಈ ದೂರದಲ್ಲಿ 5 ಗಿಗಾಹರ್ಟ್ಸ್ ಜಗ್ಗಲ್ಲ, ಸ್ಟಾರ್‌ಲಿಂಕ್‌ಗಿಂತ ಇದು ಗಟ್ಟಿ.

ಬೇಕಾಗಿರೋದು ಒಂದೇ: ಎರಡು ತುದಿ ಒಂದಕ್ಕೊಂದು ಕಾಣಬೇಕು. ಸಂಜೆ ಏಳರ ನಂತರ ಊರಿನ ಮನೆಯ ಚಾವಣಿಯಿಂದ ಒಬ್ಬರು ಜೋರು ಟಾರ್ಚ್ ಬಿಡಲಿ, ನೀವು ದಿಣ್ಣೆಯಲ್ಲಿ ನಿಂತು ನೋಡಿ. ಹಗಲಾದರೆ ಕನ್ನಡಿಯಿಂದ ಬಿಸಿಲು ಹೊಡೆಸಿ. ಬೆಳಕು ಕಂಡರೆ ಅರ್ಧ ಗೆದ್ದ ಹಾಗೆ. ಅರ್ಧ ಯಾಕೆ ಅಂದರೆ ರೇಡಿಯೋ ತರಂಗಕ್ಕೆ ಬೆಳಕಿನಷ್ಟು ತೆಳು ದಾರಿ ಸಾಲದು. ಎರಡೂವರೆ ಕಿ.ಮೀ.ಗೆ ಮಧ್ಯದಲ್ಲಿ ಅದು ಹರಡಿಕೊಂಡು ಹೋಗೋ ಜಾಗದ, ಅಂದರೆ ಫ್ರೆನೆಲ್ ವಲಯದ, ತ್ರಿಜ್ಯ 5.7 ಮೀಟರ್, ಅದರಲ್ಲಿ ಶೇ. 60 ಆದರೂ ಖಾಲಿ ಇರಬೇಕು. ಅಂದರೆ ದೃಷ್ಟಿರೇಖೆ ಮಧ್ಯದ ಮರಗಳ ತುದಿಯಿಂದ ಮೂರೂವರೆ ಮೀಟರ್ ಮೇಲೆ ಹೋಗಬೇಕು. ಸಿಲ್ವರ್ ಓಕ್ ವರ್ಷವರ್ಷ ಬೆಳೆಯುತ್ತೆ, ಇನ್ನೊಂದೆರಡು ಮೀಟರ್ ಜಾಸ್ತಿಯೇ ಇಟ್ಟುಕೊಳ್ಳಿ.

ಡಿಶ್ ತಿರುಗಿಸೋವಾಗ ಅವಸರ ಬೇಡ, ಬೀಮ್ ಅಗಲ ಬರೀ 7–9 ಡಿಗ್ರಿ. ಮೊದಲು ಒಂದು ತುದಿ ಭದ್ರ ಮಾಡಿ, ಇನ್ನೊಂದನ್ನು ಒಂದೊಂದು ಡಿಗ್ರಿ ಸರಿಸಿ ಅರ್ಧ ನಿಮಿಷ ಕಾದು ಸಿಗ್ನಲ್ ಅಂಕಿ ನೋಡಿ. ಈ ದೂರಕ್ಕೆ ಮೈನಸ್ 55ರಿಂದ 60 ಡಿಬಿಎಂ ಬರಬೇಕು, ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಮೈನಸ್ 70 ಮೇಲೇಳದಿದ್ದರೆ ಒಂದೋ ಮರ ತಾಗ್ತಿದೆ, ಇಲ್ಲ ಬೀಮಿನ ಪಕ್ಕದ ಕಿವಿಯನ್ನು, ಅಂದರೆ ಪಕ್ಕಕ್ಕೆ ಸೋರೋ ದುರ್ಬಲ ಸಿಗ್ನಲ್ಲನ್ನು, ಹಿಡಿದು ಕೂತಿದ್ದೀರಿ. ಇನ್ನೂ ಹತ್ತು ಡಿಗ್ರಿ ಎರಡೂ ಕಡೆ ತಿರುಗಿಸಿ ನೋಡಿ. ದೇಶ ಅನ್ನೋ ಕಡೆ ಭಾರತ ಆರಿಸಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್‌ನಿಂದ ಶುರು ಮಾಡಿ, ಸ್ಥಿರವಾದ ಮೇಲೆ 40 ಮಾಡಿ.

ದಿಣ್ಣೆಯಿಂದ ಮನೆಗೆ 100 ಮೀಟರ್ ಒಳಗಿದ್ದರೆ ಹೊರಾಂಗಣದ ಈಥರ್ನೆಟ್ ಕೇಬಲ್ ಸಾಕು, ಆದರೆ ಗುಡ್ಡದ ಮೇಲಿನ ತಾಮ್ರ ಅಂದರೆ ಸಿಡಿಲಿಗೆ ಆಹ್ವಾನ. ಫೈಬರ್ ಡ್ರಾಪ್ ಕೇಬಲ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಈಥರ್ನೆಟ್‌ಗೆ ಬದಲಿಸೋ ಡಬ್ಬಿ) ಹಾಕೋದು ಉತ್ತಮ. ಫೈಬರ್ ಕೊಳ್ಳುವಾಗ ಉಕ್ಕಿನ ತಂತಿ ಇರೋದು ಬೇಡ, ಎಫ್‌ಆರ್‌ಪಿ, ಅಂದರೆ ಲೋಹವಲ್ಲದ ಫೈಬರ್‌ಗ್ಲಾಸ್ ಕಡ್ಡಿ ಇರೋದು ಕೇಳಿ. ಉಕ್ಕಿನದಾದರೆ ಸಿಡಿಲು ಅದರಲ್ಲೇ ಇಳಿದು ಮನೆಗೆ ಬರುತ್ತೆ. ದಿಣ್ಣೆಯಲ್ಲಿ ಕರೆಂಟ್ ಇಲ್ಲದಿದ್ದರೆ ಸಣ್ಣ ಸೋಲಾರ್ ಪ್ಯಾನೆಲ್, ಬ್ಯಾಟರಿ. ಜುಲೈ–ಆಗಸ್ಟ್ ಮೋಡಕ್ಕೆ ಬೇಸಿಗೆಯ ಲೆಕ್ಕದ ನಾಲ್ಕು ಪಟ್ಟು ಪ್ಯಾನೆಲ್ ಹಾಕಿ.

ಊರು ಕಾಣದೇ ಹೋದರೆ ಎರಡನೇ ದಾರಿ ಅದೇ ದಿಣ್ಣೆಯ 4ಜಿ. ಆಂಡ್ರಾಯ್ಡ್ ಫೋನಿನಲ್ಲಿ *#*#4636#*#* ಒತ್ತಿದರೆ ಬಹಳಷ್ಟು ಸೆಟ್‌ಗಳಲ್ಲಿ ಸಿಗ್ನಲ್ ಅಂಕಿ ಕಾಣುತ್ತೆ. ಕಡ್ಡಿ ನಂಬಬೇಡಿ, ಆರ್‌ಎಸ್‌ಆರ್‌ಪಿ ಅನ್ನೋ ಸಿಗ್ನಲ್ ಬಲದ ಅಂಕಿ ನೋಡಿ. ಮೈನಸ್ 100 ಒಳಗಿದ್ದರೆ ಧೈರ್ಯವಾಗಿ ಮಾಡಿ, 110 ಆದರೆ ದಿಕ್ಕಿನ ಆಂಟೆನಾ ಬೇಕು, 120 ದಾಟಿದರೆ ಬಿಡಿ. ಬೇರೆ ಬೇರೆ ಕಂಪನಿಯ ಸಿಮ್ ಹಾಕಿ ಅಳೆಯಿರಿ. 700, 850, 900 ಮೆಗಾಹರ್ಟ್ಸ್‌ನ ಕೆಳ ಬ್ಯಾಂಡ್‌ಗಳು ಗುಡ್ಡ ಬಳಸಿಕೊಂಡು ಬರುತ್ತವೆ, 2300 ಬರಲ್ಲ. ಆಂಟೆನಾ ಮೇಲೆ, ರೂಟರ್ ಮನೆಯೊಳಗೆ ಇಟ್ಟು ನಡುವೆ 20 ಮೀಟರ್ ತೆಳು ಆರ್‌ಜಿ-58 ಕೇಬಲ್ ಎಳೆಯೋದು ಎಲ್ಲರೂ ಮಾಡೋ ಎಡವಟ್ಟು. 1800 ಮೆಗಾಹರ್ಟ್ಸ್‌ನಲ್ಲಿ ಆ ಕೇಬಲ್ಲೇ 10 ಡಿಬಿಗಿಂತ ಹೆಚ್ಚು ತಿಂದು ಆಂಟೆನಾದ ಲಾಭ ಎಲ್ಲ ನುಂಗುತ್ತೆ. ಸಿಮ್ ಒಳಗೇ ಇರೋ ಹೊರಾಂಗಣ ರೂಟರ್ ಕಂಬದ ಮೇಲಿಟ್ಟು ಡೇಟಾ ಕೇಬಲ್ ಮಾತ್ರ ಇಳಿಸಿ.

ಹೆತ್ತೂರು ಹೋಬಳಿ

ಮೇಲಿನ ಲೆಕ್ಕ ಎಲ್ಲ ಒಪ್ಪಿದೆ. ಆದರೆ ಉಪಗ್ರಹ ನಮ್ಮ ಕಡೆಗೆ ಬೇಡವೇ ಬೇಡ ಅನ್ನೋ ಹಾಗೆ ಮಾತು ತಿರುಗ್ತಿದೆ, ಅದಕ್ಕೆ ಒಪ್ಪಿಗೆ ಇಲ್ಲ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದು ಮೂಡಿಗೆರೆ ಕಡೆ ಊರೂರೇ ತತ್ತರಿಸಿದ್ದು ಎಲ್ಲರಿಗೂ ನೆನಪಿದೆ. 2024ರ ಜುಲೈನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಇಳಿಯಿತು. ಅಂಥ ದಿನ ಮೊದಲು ಹೋಗೋದು ಕರೆಂಟ್ ಕಂಬ, ಅದರ ಜೊತೆ ಅದೇ ಕಂಬಕ್ಕೆ ಕಟ್ಟಿದ ಫೈಬರ್, ಬ್ಯಾಟರಿ ಮುಗಿದ ಮೇಲೆ ಟವರ್. ನಿಮ್ಮ ವೈಫೈ ಲಿಂಕ್ ಸರಿಯಾಗಿಯೇ ನಿಂತಿರುತ್ತೆ, ಊರಿನ ತುದಿಯಲ್ಲಿ ಇಂಟರ್ನೆಟ್ಟೇ ಇರಲ್ಲ.

ಉಪಗ್ರಹದ ಡಿಶ್ ಇರಬೇಕಾದ ಜಾಗ ಒಬ್ಬೊಬ್ಬರ ತೋಟದ ಮನೆ ಅಲ್ಲ. ಗ್ರಾಮ ಪಂಚಾಯಿತಿ, ಪ್ರಾಥಮಿಕ ಆರೋಗ್ಯ ಕೇಂದ್ರ, ಸರ್ಕಾರಿ ಶಾಲೆ. ಶಾಲೆಗೆ ಆಟದ ಬಯಲು ಇದೆ, ಉತ್ತರದ ಆಕಾಶ ತೆರೆದಿದೆ, ಚಾವಣಿ ಗಟ್ಟಿ. ಒಂದು ಹೋಬಳಿಗೆ ಇಂಥ ಮೂರ್ನಾಲ್ಕು ಡಿಶ್ ಇಟ್ಟು, ಒಂದೊಂದಕ್ಕೂ ಎರಡು ದಿನದ ಬ್ಯಾಟರಿ ಕೊಟ್ಟು, ಪಿಎಂ-ವಾಣಿ ಅನ್ನೋ ಸಾರ್ವಜನಿಕ ವೈಫೈ ಯೋಜನೆಯಡಿ ಊರಿನವರಿಗೆ ವೈಫೈ ಬಿಟ್ಟರೆ ಹಳ್ಳಿಗೆ ಮೂರು ಅನ್ನೋ ಅದೇ ಲೆಕ್ಕ ಸಾಕಾಗುತ್ತೆ. ಗ್ರಾಮಸಭೆಯಲ್ಲಿ ಇದನ್ನು ಬರವಣಿಗೆಯಲ್ಲಿ ಕೇಳಿ. ಜೊತೆಗೆ ಟವರ್ ಬೇಡಿಕೆಯನ್ನೂ ಬಿಡಬೇಡಿ: 4ಜಿ ಇಲ್ಲದ 24,680 ಹಳ್ಳಿಗಳಿಗೆ ಟವರ್ ಕೊಡೋಕೆ 2022ರಲ್ಲೇ ಕೇಂದ್ರ ಸಂಪುಟ 26,316 ಕೋಟಿ ಒಪ್ಪಿದೆ. ನಿಮ್ಮ ಊರು ಆ ಪಟ್ಟಿಯಲ್ಲಿ ಇದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಬಹುದು.

ಕಣಿವೆ ತೋಟ

ಟಾರ್ಚ್ ಪರೀಕ್ಷೆ ಆಯ್ತು. ದಿಣ್ಣೆಯಿಂದ ಊರಿನ ಚಾವಣಿ ಕಾಣುತ್ತೆ, ಆದರೆ ನಡುವೆ ಒಂದು ಗೋಣಿಮರದ ನೆತ್ತಿ ಬೆಳಕಿಗೆ ಸರಿಯಾಗಿ ಕೆಳಗೇ ಇದೆ. ಮರ ದಿಣ್ಣೆಯಿಂದ ಸುಮಾರು 300 ಮೀಟರ್. ಇದಕ್ಕೂ ಮೂರೂವರೆ ಮೀಟರ್ ಬೇಕಾ?

ಬೆಟ್ಟದ ಲಿಂಕ್, ಸಕಲೇಶಪುರ

ಬೇಡ. ಆ ವಲಯ ಮಧ್ಯದಲ್ಲಿ ದಪ್ಪ, ತುದಿಗಳ ಕಡೆ ಸಪೂರ. 300 ಮೀಟರ್‌ನಲ್ಲಿ ತ್ರಿಜ್ಯ 3.7 ಮೀಟರ್, ಶೇ. 60 ಅಂದರೆ 2.2. ದಿಣ್ಣೆಯ ಕಂಬ ಎತ್ತರಿಸಿದರೆ ಆ ಮರದ ಮೇಲೆ ರೇಖೆ ಏರೋದು ಶೇ. 88ರಷ್ಟು, ಹಾಗಾಗಿ 2.5 ಮೀಟರ್ ಎತ್ತರಿಸಿದರೆ 2.2 ಸಿಗುತ್ತೆ. ಗೋಣಿಮರ ಬೆಳೆಯೋದಕ್ಕೂ ಸೇರಿಸಿ ಟಾರ್ಚ್ ನೋಡಿದ ಕಣ್ಣಿನ ಮಟ್ಟದಿಂದ 4 ಮೀಟರ್ ಮೇಲೆ ಡಿಶ್ ಬರೋ ಹಾಗೆ ಮಾಡಿ. ನೆಲದಿಂದ ಐದೂವರೆ ಮೀಟರ್ ಆಯ್ತು. ಎರಡು ಇಂಚಿನ ಬಿ ಕ್ಲಾಸ್ ಜಿಐ ಪೈಪ್, 6.5 ಮೀಟರ್ ತಗೊಂಡು ಒಂದು ಮೀಟರ್ ಕಾಂಕ್ರೀಟಿನಲ್ಲಿ ಹೂಳಿ, ಮೂರು ಸ್ಟೇ ವೈರ್ 120 ಡಿಗ್ರಿಗೆ ಒಂದರಂತೆ. ಪೈಪ್ ಬಾಯಿಗೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಒಳಗೆ ನೀರು ನಿಂತು ಬುಡ ತುಕ್ಕು ಹಿಡಿಯುತ್ತೆ. ಕಾಂಕ್ರೀಟಿಗೆ ಒಂದು ವಾರ ನೀರು ಹಾಕಿ ಆಮೇಲೆ ಡಿಶ್ ಏರಿಸಿ. ಗಾಳಿ ಶುರುವಾಗೋ ಜೂನ್ ಮೊದಲು ಸ್ಟೇ ವೈರ್‌ನ ಟರ್ನ್‌ಬಕಲ್ ಒಮ್ಮೆ ಬಿಗಿ ಮಾಡಿಕೊಳ್ಳಿ, ಕಂಬ ಒಂದೆರಡು ಡಿಗ್ರಿ ವಾಲಿದರೂ ಸಿಗ್ನಲ್ ಇಳಿಯೋಕೆ ಶುರುವಾಗುತ್ತೆ.